ಚೆಳಿಮುತ್ತಿ ಕರೆದಾಗ ಓಗೊಟ್ಟವಳು

ಎರ್ನಾಕುಲಂ

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಪಾಠಕ್ಕಿಂತ ಪ್ರವಾಸದ ಮಾತೇ ಜಾಸ್ತಿ. ಈ ಸಲ ಸಮಾಜ ವಿಜ್ಞಾನದ ಮೇಡಂ ಸಿಂಗಾಪುರದ ಕಥೆ ಹೇಳಿದರು, ಪಿ.ಟಿ. ಮಾಸ್ತರು ದುಬೈ ಕಥೆ ಹೇಳಿದರು. ನನ್ನ ಸರದಿ ಬಂದಾಗ "ಕೊಚ್ಚಿ, ತಿರುವನಂತಪುರ" ಅಂದೆ. "ಓ, ಇಲ್ಲೇ" ಅಂದು ಎಲ್ಲರೂ ಟೀ ಲೋಟದ ಕಡೆ ತಿರುಗಿದರು.

ಇಲ್ಲೇ ಅಂತೆ! ಮೈಸೂರಿನಲ್ಲಿ ರೈಲು ಹತ್ತಿ ಮಲಗಿ ಎದ್ದರೆ ಒಂದು ಬೋರ್ಡೂ ಓದಲು ಬರುವುದಿಲ್ಲ. ಬಸ್ಸಿನವನು ನಿಲ್ಲಿಸುವುದು ತನಗೆ ಅವಮಾನವೆಂಬಂತೆ ಓಡಿಸುತ್ತಾನೆ. ಎರ್ನಾಕುಲಂ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಕುಡಿಯಲು ನೀರು ಕೇಳಿದರೆ, ಬಿಸಿ ಬಿಸಿಯಾಗಿ ಹೊಗೆಯಾಡುವ ಗುಲಾಬಿ ಬಣ್ಣದ ನೀರು ತಂದಿಟ್ಟರು. ಬೀಟ್‌ರೂಟ್ ತೊಳೆದ ನೀರನ್ನು ತಪ್ಪಿ ತಂದಿದ್ದಾರೆ ಎಂದುಕೊಂಡು ವಾಪಸು ಕಳಿಸಿದೆ. ಇನ್ನೊಂದು ಲೋಟ ಬಂತು, ಇನ್ನೂ ಕೆಂಪಗೆ. ಪಕ್ಕದ ಮೇಜಿನ ಹೆಂಗಸು ಅದನ್ನೇ ಗಟಗಟ ಕುಡಿದು ನನ್ನನ್ನು ಕನಿಕರದಿಂದ ನೋಡಿದಳು. ಅದೇನೋ ಮರದ ಚಕ್ಕೆ ಹಾಕಿ ಕುದಿಸುತ್ತಾರಂತೆ, ಆರೋಗ್ಯಕ್ಕೆ ಒಳ್ಳೆಯದಂತೆ. ಇದಕ್ಕಿಂತ ಹೊರದೇಶ ಇನ್ನೇನು ಬೇಕು?

ನನ್ನನ್ನು ಕರೆಸಿಕೊಂಡವಳು ನಜ್ಮಾ. ಮಂಗಳೂರಿನ ಹುಡುಗಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿದ್ದಳು, ಈಗ ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ. ಮನೆಮಾತು ಬ್ಯಾರಿ ಆದ್ದರಿಂದ ಮಲಯಾಳ ಅವಳಿಗೆ ಆರು ತಿಂಗಳಲ್ಲಿ ಒಲಿದಿದೆ.

"ಎಂತ ಅಕ್ಕ, ನೀರಿಗೂ ಜಗಳ ಮಾಡಿದ್ರಾ?" ಎಂದು ನಕ್ಕಳು. "ನೀವು ಇಲ್ಲಿಯೇ ಹುಟ್ಟಿದ್ದಲ್ವಾ? ಇಷ್ಟು ಬೇಗ ಮರ್ತದ್ದಾ?"

ಹೌದು, ಇಲ್ಲಿಯೇ ಹುಟ್ಟಿದ್ದು. ನನ್ನಪ್ಪ ಇಲ್ಲಿನ ಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನನಗೆ ಏಳು ವರ್ಷವಾಗಿದ್ದಾಗ ಅಮ್ಮ ಜ್ವರ ಬಂದು ಹೋದಳು. ಅಪ್ಪ ವರ್ಗ ಮಾಡಿಸಿಕೊಂಡು ಮೈಸೂರಿಗೆ ಬಂದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ, ಈ ಊರಿನ ಮಾತೂ ಎತ್ತಲಿಲ್ಲ. ಹಾಗಾಗಿ ನಾನು ಮಲಯಾಳವನ್ನೂ ಮರೆತೆ, ಮಿಕ್ಕಿದ್ದನ್ನೂ ಮರೆತೆ. ಅಮ್ಮನ ಮುಖ ಮದುವೆಯ ಫೋಟೋದಲ್ಲಿದೆ. ದನಿ ಎಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಎಲ್ಲಿತ್ತು? ಎಷ್ಟೋ ಸಲ ಕಣ್ಣು ಮುಚ್ಚಿ ಕೂತು ಅವಳು ಮಾತಾಡುವುದನ್ನು ಕೇಳಿಸಿಕೊಳ್ಳಲು ನೋಡಿದ್ದೇನೆ. ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಎರಡು ವರ್ಷದ ಹಿಂದೆ ಅಪ್ಪನೂ ಹೋದರು. ಅವಳ ದನಿ ಹೇಗಿತ್ತು ಎಂದು ಕೇಳಲು ಈಗ ಯಾರೂ ಉಳಿದಿಲ್ಲ.

ಇದನ್ನು ಮೊದಲೇ ಹೇಳಿಬಿಡಬೇಕಿತ್ತು, ಹೇಳಿದೆ.

ತ್ರಿಪ್ಪುಣಿತ್ತುರ

ಭಾನುವಾರ ಮಧ್ಯಾಹ್ನ ನಜ್ಮಾ ನನ್ನನ್ನು ಮೆಟ್ರೋದಲ್ಲಿ ಕೊನೆಯ ನಿಲ್ದಾಣದವರೆಗೆ ಕರೆದುಕೊಂಡು ಹೋದಳು. ದೇವಸ್ಥಾನ, ಅರಮನೆ ನೋಡೋಣ ಎಂದು ನಾನು ರೇಷ್ಮೆಯಂಚಿನ ಸೀರೆ ಉಟ್ಟಿದ್ದೆ. ಅವಳು ಒಂದು ಹಳೇ ಹಾಲ್ ಒಳಕ್ಕೆ ನುಗ್ಗಿಸಿದಳು. ಬಾಗಿಲಲ್ಲಿ ಒಬ್ಬ ಹುಡುಗ ನನ್ನ ಹಣೆಗೆ ಹೆಬ್ಬೆರಳಿನಿಂದ ಕೆಸರು ಹಚ್ಚಿದ. ನಿಜವಾದ ಕೆಸರು! ನಾನು "ಏಯ್!" ಎಂದು ತರಗತಿಯ ದನಿ ತೆಗೆದೆ. ಅವನು ಕೈ ಮುಗಿದು ಹಿಂದಿನವರಿಗೆ ಹಚ್ಚಲು ಹೋದ.

ಒಳಗೆ ಇನ್ನೂರು ಜನರಿದ್ದಿರಬಹುದು. ಎಲ್ಲರ ಹಣೆಯಲ್ಲೂ ಕೆಸರು, ಎಲ್ಲರ ಮಡಿಲಲ್ಲೂ ನೇಂದ್ರ ಬಾಳೆಯ ಚಿಪ್ಸು. ಡಾಕ್ಟರುಗಳು, ವಕೀಲರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಮೂವತ್ತು ವರ್ಷಕ್ಕೂ ಹಿಂದೆ ಬಂದು, ಮೊದಲ ವಾರವೇ ಮಕಾಡೆ ಮಲಗಿದ್ದ ಒಂದು ಸಿನಿಮಾವನ್ನು ನೋಡಲು ಇವರೆಲ್ಲ ಮತ್ತೆ ಮತ್ತೆ ಬರುತ್ತಾರಂತೆ. ಹೆಸರು 'ಚೆಳಿಮುತ್ತಿ'. ಚೆಳಿ ಅಂದರೆ ಕೆಸರು, ಮುತ್ತಿ ಅಂದರೆ ಅಜ್ಜಿ. ಜೌಗುನೆಲದಲ್ಲಿ ವಾಸಿಸುವ ಈ ಅಜ್ಜಿ ಮುಸ್ಸಂಜೆ ಹೊತ್ತು ಮನೆಯವರ ದನಿಯಲ್ಲೇ ಕರೆಯುತ್ತಾಳೆ. ಮೊದಲ ಕರೆಗೇ ಓಗೊಟ್ಟರೆ ಮುಗಿಯಿತು, ಕೆಸರು ನಿಮ್ಮನ್ನು ನುಂಗುತ್ತದೆ.

ಸಿನಿಮಾ ಶುರುವಾಯಿತು. ದೇವರೇ, ಅಂಥದ್ದನ್ನು ನಾನು ಹಿಂದೆಂದೂ ನೋಡಿಲ್ಲ. ನಡುಮಧ್ಯಾಹ್ನ ತೆಗೆದ ದೃಶ್ಯಕ್ಕೆ ನೀಲಿ ಬಳಿದು ರಾತ್ರಿ ಎಂದಿದ್ದರು, ನೆರಳುಗಳು ಹಾಗೇ ಬಿದ್ದಿದ್ದವು. ಚೆಳಿಮುತ್ತಿ ಎಂದರೆ ಗೋಣಿಚೀಲಕ್ಕೆ ತೆಂಗಿನ ನಾರು ಹೊಲಿದು ತೊಟ್ಟು ಸೈಕಲ್ ಟ್ಯೂಬು ಸುತ್ತಿಕೊಂಡ ಒಬ್ಬ ಮನುಷ್ಯ. ಬೆನ್ನಿನ ಜಿಪ್ಪು ಸ್ಪಷ್ಟವಾಗಿ ಕಾಣುತ್ತಿತ್ತು. ಜೌಗನ್ನು ಮುಚ್ಚಿ ಬಂಗಲೆ ಕಟ್ಟಹೊರಟ ದಪ್ಪ ಮೀಸೆಯ ಕಂಟ್ರಾಕ್ಟರನ ಕೊರಳಿಗೆ ಆ ಅಜ್ಜಿ ಕೈ ಹಾಕಿದಾಗ, ನಾರಿನ ನಡುವೆ ಅವಳ ಮಣಿಕಟ್ಟಿನಲ್ಲಿ ಗಡಿಯಾರ ಮಿನುಗಿತು. ಕೂಡಲೇ ಇಡೀ ಹಾಲ್ ಎದ್ದು ನಿಂತು "ಗಂಟೆ ಎಷ್ಟಾಯ್ತು ಮುತ್ತೀ?" ಎಂದು ಒಕ್ಕೊರಲಿನಿಂದ ಕೂಗಿ ಚಿಪ್ಸು ಎರಚಿತು. ನನ್ನ ರವಿಕೆಯೊಳಗೂ ಒಂದು ಬಿತ್ತು. ನಮ್ಮೂರಿನ ಥಿಯೇಟರಿನಲ್ಲಿ ಹೆಚ್ಚೆಂದರೆ ಶಿಳ್ಳೆ ಹೊಡೆಯುತ್ತಾರೆ. ಇಲ್ಲಿ ಎಪ್ಪತ್ತರ ಒಬ್ಬ ಯಜಮಾನರು ಪಂಚೆ ಎತ್ತಿ ಕಟ್ಟಿ ಕುಣಿದರು. ಲೆಕ್ಕದ ಮೇಡಂ ಆಗಿ ಇಪ್ಪತ್ತು ವರ್ಷ ಗಲಾಟೆ ಅಡಗಿಸಿದವಳು ನಾನು, ನನಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

ಆಮೇಲೆ ಏಕಾಏಕಿ ಎಲ್ಲರೂ ಕೂತರು. ಒಬ್ಬೊಬ್ಬರಾಗಿ ಕೈಯಿಂದ ಬಾಯಿ ಮುಚ್ಚಿಕೊಂಡರು. ತಾಯಂದಿರು ಮಕ್ಕಳ ಬಾಯಿ ಮುಚ್ಚಿದರು.

"ಈಗ ಕರೀತಾಳೆ ಅಕ್ಕ," ನಜ್ಮಾ ಪಿಸುಗುಟ್ಟಿದಳು. "ಬಾಯಿ ಮುಚ್ಚಿ. ಯಾರೂ ಮಾತಾಡ್ಲಿಕ್ಕಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಮಾತಾಡಿದ್ದಿಲ್ಲವಂತೆ."

"ನೀನು ಇದನ್ನೆಲ್ಲ ನಂಬ್ತೀಯೇನೇ?"

"ನಂಬುದೇನಿಲ್ಲ. ಆದ್ರೆ ಸುಮ್ನೆ ಯಾಕೆ ಮಾರಾಯ್ರೆ?"

ತೆರೆಯ ಮೇಲೆ ಬರೀ ನೀರು, ಜೊಂಡು. ಕಪ್ಪೆಗಳ ಸದ್ದು, ಅದರ ಮೇಲೆ ನಿಧಾನವಾಗಿ ಒಂದು ಚೆಂಡೆ. ಆ ಚೆಂಡೆಯ ಅಡಿಯಿಂದ ಒಂದು ಗುಡುಗು ಎದ್ದಿತು. ಪ್ರಾಣಿಯದೂ ಅಲ್ಲ, ಮನುಷ್ಯರದೂ ಅಲ್ಲ, ಪಾತಾಳದಿಂದ ಬಂದ ಹಾಗೆ. ಮೊದಲು ಉದ್ದಕ್ಕೆ ಎಳೆದು ಕೆಳಗಿಳಿಯಿತು, ಆಮೇಲೆ ಮೆಲ್ಲಗೆ ಮೇಲೇರಿತು, ಕೊನೆಯಲ್ಲಿ ಒಂದು ಸಣ್ಣ ಕೊಕ್ಕೆ ಹಾಕಿದಂತೆ ತಟಕ್ಕನೆ ನಿಂತಿತು.

"ಬಂದೆ!"

ಯಾರೋ ಕೂಗಿದರು. ಯಾರಿರಬಹುದು ಎಂದು ನೋಡಿದರೆ ನಾನೇ. ಎದ್ದು ನಿಂತಿದ್ದೆ. ಇನ್ನೂರು ಜನರು ಬಾಯಿಯ ಮೇಲಿಂದ ಕೈ ತೆಗೆಯುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನ ಒಂದು ಮಗು ಕಿಟಾರನೆ ಕಿರುಚಿಕೊಂಡಿತು. ಯಾರೋ ಸಿನಿಮಾ ನಿಲ್ಲಿಸಿದರು, ದೀಪ ಹತ್ತಿತು.

ಬಾಗಿಲಲ್ಲಿ ಕೆಸರು ಹಚ್ಚಿದ ಹುಡುಗ ಓಡಿ ಬಂದು, "ಚೇಚೀ, ಏನಾಯ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಚೇಚಿ ಅಂದರೆ ಅಕ್ಕ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ದಿಗಿಲಿತ್ತು. ಕರೆದರು, ಓಗೊಟ್ಟೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ನಜ್ಮಾ ಕೊಟ್ಟ ನೀರು ಕುಡಿದ ಮೇಲೆ ಬಾಯಿಂದ ಮಾತು ಹೊರಟಿತು.

"ಅದು ನಮ್ಮಮ್ಮ ಕಣೇ."

ವಿಲ್ಲಿಂಗ್ಡನ್ ಐಲ್ಯಾಂಡ್

ಮರುದಿನ ದೋಣಿಯಲ್ಲಿ ಐಲ್ಯಾಂಡಿಗೆ ಹೋದೆವು. ರಾತ್ರಿಯಿಡೀ ನಾನು ಅದೊಂದೇ ಮಾತು ಹೇಳುತ್ತಿದ್ದೆ, ನಜ್ಮಾ ಅದೊಂದೇ ಉತ್ತರ ಕೊಡುತ್ತಿದ್ದಳು: "ಅಕ್ಕ, ಎಲ್ಲ ಅಮ್ಮಂದಿರೂ ಹಾಗೆಯೇ ಕರೆಯುದು." ಅವಳು ಹೇಳುವುದು ಸರಿ. ನಾನು ಮಕ್ಕಳಿಗೆ ಹೇಳಿಕೊಡುವುದೂ ಅದನ್ನೇ, ಆಧಾರ ಇಲ್ಲದೆ ಉತ್ತರ ಬರೆಯಬೇಡಿ ಅಂತ. ಆದರೆ ಆ ಕೊನೆಯ ಕೊಕ್ಕೆ? "ವಸೂ" ಎಂದು ನನ್ನ ಹೆಸರನ್ನು ಎಳೆದು, "ಊಟಕ್ಕೆ ಬಾರೇ" ಎಂದು ಏರಿಸಿ, "ರೇ" ಎನ್ನುವುದನ್ನು ಅರ್ಧಕ್ಕೇ ಕತ್ತರಿಸುವುದು? ಹಿಂದಿನ ದಿನದವರೆಗೆ ನನಗೆ ಅದು ನೆನಪೇ ಇರಲಿಲ್ಲ. ಈಗ ಬಿಟ್ಟರೂ ಬಿಡುತ್ತಿರಲಿಲ್ಲ.

ನಜ್ಮಾ ಆ ದೃಶ್ಯವನ್ನು ಫೋನಿನಲ್ಲಿ ಹಾಕಿಕೊಂಡು ವೇಗ ಹೆಚ್ಚಿಸಿ ನೋಡಿದಳು. ಭೂತದ ದನಿಗೆಂದು ನಿಧಾನ ಮಾಡಿದ್ದಿದ್ದರೆ, ವೇಗ ಮಾಡಿದಾಗ ಮೊದಲಿನಂತೆ ಆಗಬೇಕಲ್ಲ. ಆದರೆ ಚೆಂಡೆ ತಗಡು ಬಡಿದಂತಾಯಿತು, ಕಪ್ಪೆಗಳು ಜೀರುಂಡೆಯಾದವು, ಅವುಗಳ ನಡುವೆ ದನಿ ಎಂಬುದು ಕೂದಲೆಳೆಯಷ್ಟು ಕೇಳಿ ಮಾಯವಾಯಿತು. ಮೂಲ ಟೇಪು ಸಿಕ್ಕದೆ ಏನೂ ತಿಳಿಯುವಂತಿರಲಿಲ್ಲ.

ನಮ್ಮ ಕ್ವಾರ್ಟರ್ಸು ಇದ್ದಲ್ಲಿ ಈಗ ಒಂದು ಗೋಡೌನ್ ಇದೆ. ಅದರ ಹಿಂದೆ ಕಾಯಲಿನ ಅಂಚು, ಒಂದಿಷ್ಟು ಕೆಸರು. ಕಾಯಲ್ ಎಂದರೆ ಇಲ್ಲಿನ ಹಿನ್ನೀರು. ಅಪ್ಪ ಹೇಳದೆ ಉಳಿಸಿದ್ದೆಲ್ಲ ಇಲ್ಲಿ ಎಲ್ಲೋ ಬಿದ್ದಿರಬೇಕು ಎನ್ನಿಸಿ ನಾನು ಇನ್ನೆರಡು ಹೆಜ್ಜೆ ಮುಂದಿಟ್ಟೆ. ಎಡಗಾಲು ಮೊಣಕಾಲಿನವರೆಗೆ ಹೂತುಹೋಯಿತು! ಚೆಳಿಮುತ್ತಿಗೆ ಓಗೊಟ್ಟವಳ ಕಾಲನ್ನು ಕೆಸರು ಹಿಡಿದಿದ್ದು ಕಂಡು ನಜ್ಮಾ ಕಿರುಚಿದಳು, ಗೋಡೌನಿನ ವಾಚ್‌ಮನ್ ಬಂದ, ಇಬ್ಬರೂ ಸೇರಿ ಎಳೆದರು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಬರಿಗಾಲಲ್ಲಿ ದೋಣಿ ಹತ್ತಿ ವಾಪಸು ಬಂದೆ. ದೋಣಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ನಮ್ಮೂರಿನ ಬಸ್ಸಾಗಿದ್ದರೆ ಇಳಿಯುವುದರೊಳಗೆ ನಾಲ್ಕು ಜನ ವಿಚಾರಿಸಿರುತ್ತಿದ್ದರು.

ಸಂಜೆ, ಹಣೆಗೆ ಕೆಸರು ಹಚ್ಚಿದ್ದ ಆ ಸಿನಿಮಾ ಕ್ಲಬ್ಬಿನ ಹುಡುಗ, ನಜ್ಮಾ ಕೇಳಿದ್ದಕ್ಕೆ ವಿಚಾರಿಸಿ ಫೋನ್ ಮಾಡಿದ. ಸಿನಿಮಾಕ್ಕೆ ಶಬ್ದ ಹಿಡಿದವರು ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದಾರೆ. ಭೇಟಿಗೆ ಒಪ್ಪಿದ್ದಾರೆ. ಆದರೆ ಒಂದು ಎಚ್ಚರಿಕೆ: "ಆ ಕರೆ ಮನುಷ್ಯರದಲ್ಲ ಅಂತ ಅವರು ಯಾವಾಗಲೂ ಹೇಳ್ತಾರೆ ಚೇಚಿ. ಮುಸ್ಸಂಜೆ ಜೌಗಿನಲ್ಲಿ ಒಬ್ಬರೇ ಇದ್ದಾಗ ತಾನಾಗಿ ಟೇಪಿನಲ್ಲಿ ಬಂತಂತೆ. ನಾವೆಲ್ಲ ಸಿನಿಮಾ ನೋಡಲು ಬರುವುದೇ ಅದಕ್ಕೆ."

ಶ್ರೀಕಾರ್ಯಂ

ಮರುದಿನ ರೈಲು ಹತ್ತಿ ತಿರುವನಂತಪುರಕ್ಕೆ ಹೊರಟೆವು. ಆ ದನಿ ಅಮ್ಮನದಲ್ಲ ಎಂದಾದರೆ ಏನು ಮಾಡುವುದು? ಮೂರು ದಿನದ ಹಿಂದೆ ನನ್ನ ಬಳಿ ಏನೂ ಇರಲಿಲ್ಲ, ಕಳೆದುಕೊಳ್ಳಲೂ ಇರಲಿಲ್ಲ. ಈಗ ಭಯವಾಗುತ್ತಿತ್ತು.

ಶಬ್ದ ಹಿಡಿದವರ ಹೆಸರು ಸೋಮನ್ ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಬೇಡ ಎಂಬ ಮಾತಿನ ಮೇಲೆಯೇ ಅವರು ನನಗೆ ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಎಪ್ಪತ್ತು ದಾಟಿದವರು, ಬಿಳಿ ಗಡ್ಡ, ಎಂಜಿನಿಯರಿಂಗ್ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಹೆಂಚಿನ ಮನೆ. ಹೆಂಡತಿ ಲೀಲಾ ಚೇಚಿ ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಬೇಯಿಸಿದ ಮರಗೆಣಸನ್ನೂ ಮೆಣಸಿನ ಚಟ್ನಿಯನ್ನೂ ಇಟ್ಟರು. ಪಕ್ಕದಲ್ಲಿ ಅದೇ ಗುಲಾಬಿ ನೀರು. ಈ ಸಲ ಕುಡಿದೆ.

ನಜ್ಮಾ ನನ್ನ ಮಾತನ್ನು ಮಲಯಾಳಕ್ಕೆ ತಿರುಗಿಸಿ ಹೇಳುತ್ತ ಹೋದಳು. ಸೋಮನ್ ಅವರ ಮುಖ ಬಿಗಿಯಿತು.

"ಇಲ್ಲ ಮೋಳೇ," ಎಂದರು, ಮಗಳೇ ಎನ್ನುವ ಹಾಗೆ. "ಅಲ್ಲಿ ಯಾರೂ ಇರಲಿಲ್ಲ. ಅದು ಜೌಗಿನದೇ ದನಿ. ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆ, ಎಷ್ಟು ಕಡೆ ಅಚ್ಚಾಗಿದೆ."

"ಅಚ್ಚಾದರೆ ನಿಜ ಆಗುತ್ತಾ ಅಂತ ಕೇಳು," ಎಂದೆ ನಜ್ಮಾಳಿಗೆ. ಅವಳು ಕೇಳಲಿಲ್ಲ.

ಅವರು ಕಣ್ಣು ತಪ್ಪಿಸಿ ಅಂಗಳ ನೋಡತೊಡಗಿದರು. ನಾನು ಮುನ್ನೂರು ಮಕ್ಕಳ ಸುಳ್ಳು ಕೇಳಿದವಳು, ಅಂಗಳ ನೋಡುವವರು ನನಗೆ ಗೊತ್ತು. ವಾದ ಮಾಡಲು ಭಾಷೆ ಇರಲಿಲ್ಲ. ಎದ್ದು ಜಗಲಿಯ ತುದಿಗೆ ಹೋಗಿ, ರಸ್ತೆಯ ಕಡೆ ತಿರುಗಿ, ನನ್ನ ಹೆಸರನ್ನು ನಾನೇ ಕೂಗಿದೆ.

"ವಸೂ... ಊಟಕ್ಕೆ ಬಾರೇ!"

ಎಳೆದು, ಏರಿಸಿ, ಕೊಕ್ಕೆ ಹಾಕಿ. ಪಕ್ಕದ ಮನೆಯ ನಾಯಿ ಬೊಗಳಿತು. ನನ್ನ ಗಂಟಲಲ್ಲಿ ಅಂಥ ದನಿ ಇದೆಯೆಂದು ಅದುವರೆಗೆ ನನಗೇ ಗೊತ್ತಿರಲಿಲ್ಲ.

ತಿರುಗಿ ನೋಡಿದರೆ ಸೋಮನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು, ಸಿನಿಮಾ ಹಾಲ್‌ನಲ್ಲಿ ಜನ ಮುಚ್ಚಿಕೊಂಡಿದ್ದ ಹಾಗೆಯೇ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲೀಲಾ ಚೇಚಿ ಗಂಡನಿಗೆ ಜೋರಾಗಿ ಏನೋ ಅಂದರು. ನಜ್ಮಾ ತರ್ಜುಮೆ ಮಾಡಿದಳು: "ಇನ್ನೂ ಎಷ್ಟು ದಿನ ಈ ಕಥೆ ಹೇಳ್ಕೊಂಡು ತಿರುಗ್ತೀರಿ, ಆ ಹುಡುಗಿಗೆ ಕೊಡಿ ಅಂತಿದ್ದಾರೆ."

ಆಮೇಲೆ ಅವರು ಹೇಳಿದ್ದು ಇಷ್ಟು. ಸಿನಿಮಾದವರಲ್ಲಿ ದುಡ್ಡಿರಲಿಲ್ಲ, ಭೂತಕ್ಕೆ ದನಿ ಕೊಡಲು ಕಲಾವಿದರನ್ನು ಕರೆಸುವ ಮಾತೇ ಇರಲಿಲ್ಲ. ಕಪ್ಪೆಯ ಸದ್ದು ಹಿಡಿಯಲೆಂದು ಐಲ್ಯಾಂಡಿನ ಕ್ವಾರ್ಟರ್ಸಿನ ಹಿಂದೆ ಮುಸ್ಸಂಜೆ ಕೂತಿದ್ದಾಗ ಯಾವುದೋ ಮನೆಯ ಹೆಂಗಸು ಮಗುವನ್ನು ಕರೆದಳು. ಟೇಪು ಹಾಳಾಯಿತೆಂದು ಬೈದುಕೊಂಡರಂತೆ. ಸ್ಟುಡಿಯೋದಲ್ಲಿ ಕಪ್ಪೆಯ ಸದ್ದನ್ನು ನಿಧಾನ ಮಾಡಿ ನೋಡುವಾಗ ಆ ಕರೆಯೂ ನಿಧಾನವಾಗಿ ಹೊರಬಂತು, ಕೋಣೆಯಲ್ಲಿದ್ದವರೆಲ್ಲ ಬೆವತುಹೋದರು. ಯಾವ ಭಾಷೆಯೋ ತಿಳಿಯಲಿಲ್ಲ, ಅದಕ್ಕೇ ಧೈರ್ಯವಾಗಿ ಬಳಸಿದರು. ಸಿನಿಮಾ ಬಿದ್ದುಹೋಯಿತು. ವರ್ಷಗಳಾದ ಮೇಲೆ ಹುಡುಗರು ಅದನ್ನು ಹುಡುಕಿ ತೆಗೆದು, ಆ ದನಿ ಯಾರದು ಎಂದು ಕೇಳಿದರು. ಯಾರದೂ ಅಲ್ಲ ಎಂದರು ಇವರು. ಆ ಒಂದು ಮಾತಿಗೆ ಸಿಕ್ಕ ಮರ್ಯಾದೆ ಅವರು ಜೀವಮಾನದಲ್ಲಿ ಮಾಡಿದ ಬೇರೆ ಯಾವ ಕೆಲಸಕ್ಕೂ ಸಿಕ್ಕಿರಲಿಲ್ಲ.

"ನಿಮ್ಮ ತಾಯಿ ಹೇಗಿದ್ದಾರೆ?" ಎಂದು ಕೇಳಿದರು.

ನಜ್ಮಾ ನನ್ನ ಮುಖ ನೋಡಿದಳು. ನಾನೇ ಹೇಳಿದೆ, ಇಂಗ್ಲಿಷಿನಲ್ಲಿ. ಆ ಸಂಜೆಯ ಮುಂದಿನ ಮಳೆಗಾಲದಲ್ಲೇ ಹೋದಳು ಎಂದೆ.

"ನಾನು ಅವರನ್ನು ಭೂತ ಮಾಡಿದೆ," ಎಂದರು ಸೋಮನ್.

ಸಿಟ್ಟು ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ನನ್ನಮ್ಮ ಊಟಕ್ಕೆ ಕರೆದದ್ದನ್ನು ಕೇಳಿ ಒಂದು ಊರಿಗೆ ಊರೇ ಬಾಯಿ ಮುಚ್ಚಿಕೊಂಡು ಹೆದರುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಹಾಗೆಯೇ, ಈ ಮನುಷ್ಯ ಆ ಸಂಜೆ ಅಲ್ಲಿ ಕೂರದೆ ಹೋಗಿದ್ದರೆ ಏನೂ ಉಳಿಯುತ್ತಿರಲಿಲ್ಲ ಎಂಬುದೂ ಅರ್ಥವಾಗುತ್ತಿತ್ತು. ಅವರಿಗೆ ಎರಡು ಬಾರಿಸಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಮರಗೆಣಸಿನ ತಟ್ಟೆಯನ್ನು ನೋಡುತ್ತ ಕೂತೆ.

"ಟೇಪು ಇದೆಯಾ?"

ಇತ್ತು. ಬೂಷ್ಟು ಹಿಡಿಯುವ ಮೊದಲೇ ಅದನ್ನು ಕಂಪ್ಯೂಟರಿಗೆ ಇಳಿಸಿಟ್ಟಿದ್ದರು. "ಸಿನಿಮಾದಲ್ಲಿ ಇರುವುದು ಮೊದಲಿನ ತುಂಡು ಮಾತ್ರ," ಎಂದರು. "ಉಳಿದದ್ದನ್ನು ಕತ್ತರಿಸಿದೆ. ಕರೆದ ಮೇಲೆ ಉತ್ತರ ಬಂದರೆ ಯಾರಿಗೂ ಹೆದರಿಕೆ ಆಗುವುದಿಲ್ಲ."

ಒಳಗಿನ ಕೋಣೆಗೆ ಹೋದೆವು. ಚಪ್ಪಲಿ ಜಗಲಿಯಲ್ಲಿತ್ತು, ನಿನ್ನೆಯಷ್ಟೇ ಕೊಂಡದ್ದು. ಫ್ಯಾನ್ ಆರಿಸಿದರು. ಮೊದಲು ಕಪ್ಪೆಗಳು. ಚೆಂಡೆ ಇಲ್ಲ. ದೂರದಲ್ಲಿ ಹಡಗಿನ ಒಂದು ಸೈರನ್ನು, ನೀರು ಕಲ್ಲಿಗೆ ಬಡಿಯುವ ಸದ್ದು.

"ವಸೂ... ಊಟಕ್ಕೆ ಬಾರೇ!"

ಅದು ನನಗಿಂತ ಚಿಕ್ಕ ಹುಡುಗಿಯೊಬ್ಬಳ ದನಿ. ಈ ಆಘಾತಕ್ಕೆ ನಾನು ಸಿದ್ಧಳಾಗಿರಲಿಲ್ಲ. ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಒಬ್ಬ ದೊಡ್ಡ ಹೆಂಗಸನ್ನು. ಇವಳಿಗೆ ಇಪ್ಪತ್ತೆಂಟೋ ಮೂವತ್ತೋ, ಸ್ವಲ್ಪ ನೆಗಡಿ ಬೇರೆ ಆಗಿತ್ತು, ಮೂಗು ಕಟ್ಟಿತ್ತು. ನಮ್ಮ ಶಾಲೆಗೆ ಹೊಸದಾಗಿ ಸೇರಿದ ಮೇಡಂ ಆಗಿದ್ದರೆ "ಬಾರಮ್ಮ, ಕೂತ್ಕೋ" ಎನ್ನುತ್ತಿದ್ದೆ.

"ದಾ ವರುನ್ನು ಅಮ್ಮೇ!"

ತೀರ ಹತ್ತಿರದಿಂದ, ಮೈಕಿನ ಪಕ್ಕದಿಂದಲೇ ಒಂದು ಮಗು ಕೂಗಿತು. ನಜ್ಮಾ, "ಇಗೋ ಬಂದೆ ಅಮ್ಮ ಅಂತ..." ಎಂದು ಶುರು ಮಾಡಿ ನಿಲ್ಲಿಸಿದಳು. ನನಗೆ ತರ್ಜುಮೆ ಬೇಕಿರಲಿಲ್ಲ. ನೀರನ್ನು ಕೆದಕುತ್ತ, ಕನ್ನಡದಲ್ಲಿ ಕರೆದರೆ ಮಲಯಾಳದಲ್ಲಿ ಓಗೊಟ್ಟು, ಬಂದೆ ಎಂದು ಬಾಯಲ್ಲಿ ಹೇಳಿ ಬಾರದೆ ಉಳಿದ ಆ ಮಗು ನಾನು. ಕೆಸರಿನಲ್ಲಿ ಕಾಲು ಅದ್ದಿ ತೆಗೆಯುವ ಪಚಪಚ ಸದ್ದು ಕೇಳುತ್ತಲೇ ಇತ್ತು.

"ವಸೂ!" ಈ ಸಲ ಚಿಕ್ಕದಾಗಿ.

"ವರುನ್ನು!"

ಪಚಪಚ, ಪಚಪಚ. ಕಪ್ಪೆಗಳು. ಆಮೇಲೆ ಅಮ್ಮನ ದನಿ ಹತ್ತಿರವಾಯಿತು, ಅವಳು ಅಂಗಳ ಇಳಿದು ಬಂದಿರಬೇಕು.

"ಎಷ್ಟು ಸಲ ಕರೀಬೇಕೇ ನಿನ್ನ?"

ಅಲ್ಲಿಗೆ ಟೇಪು ಮುಗಿಯಿತು. ಸೋಮನ್ ಮೇಜು ನೋಡುತ್ತಿದ್ದರು. ನನ್ನ ಹೆಗಲಿಗೆ ಬ್ಯಾಗು ಬಂದಿತ್ತು, ನಾನು ಬಾಗಿಲು ದಾಟಿ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ನಜ್ಮಾ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು.

"ಎಲ್ಲಿಗೆ ಅಕ್ಕ?"

"ಊಟಕ್ಕೆ ಕಣೇ," ಎಂದೆ. "ಆಗಿನಿಂದ ಕರೀತಿದಾಳೆ."